ಸೂಗಪ್ಪ ಮುನ್ಶಿಯ ಮೂರು ಇಂಗ್ಲಿಷ್ ಶಬ್ದ

ಸೂಗಪ್ಪ ಮುನ್ಶಿಯ ಅಕ್ಷರ ಚೆಂದ ಎಂಬ ಮಾತು ಶಹಾಪುರದ ಬಜಾರಿನಲ್ಲಿ ಹಳೆಯದು. ಅವನ ಅಪ್ಪ ಬೆಲ್ಲ, ತಂಬಾಕು ಮಾರುತ್ತಿದ್ದ ಸಣ್ಣ ಅಂಗಡಿಕಾರ. ಮಗ ತಕ್ಕಡಿ ಹಿಡಿದು ಗಲ್ಲೆಯ ಮುಂದೆ ಕೂಡಲಿ ಎಂದು ಅಪ್ಪನ ಆಸೆಯಿತ್ತು; ಮಗನಿಗೆ ಕಾಗದದ ಹುಚ್ಚು. ನಿಜಾಮರ ಕಾಲದ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಬಿಟ್ಟು ಬೇರೇನೂ ಕೇಳದ ಹುಡುಗ ಮೌಲವಿಯ ಮುಂದೆ ಕೂತು, ಅಂಗೈಗೆ ಏಟು ತಿಂದು ತಿಂದು, ಕೊನೆಗೆ ಆ ಮೌಲವಿಯೇ ಬೇರೆ ಹುಡುಗರಿಗೆ ಎತ್ತಿ ತೋರಿಸುವಂಥ ಉರ್ದು ಬರೆಯತೊಡಗಿದ. ಹಣೆಯ ಮೇಲೆ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಬಿದಿರಿನ ಲೇಖನಿ. ಮೀಸೆ ಪೂರ್ತಿ ಮೂಡುವ ಮೊದಲೇ ಜನ ಅವನನ್ನು ಮುನ್ಶಿ ಎನ್ನತೊಡಗಿದ್ದರು.

ಊರಿನ ಗುಡ್ಡದ ಬುಡದಲ್ಲಿ ಜಾಗೀರದಾರರೊಬ್ಬರ ದೇವಡಿಯಿತ್ತು. ಜಾಗೀರದಾರರು ಹೈದರಾಬಾದಿನಲ್ಲಿರುತ್ತಿದ್ದರು, ಎಂದಾದರೊಮ್ಮೆ ಶಿಕಾರಿಗೆ ಬಂದರೆ ಬಂದರು. ಆ ದೊಡ್ಡ ಮನೆಯ ಲೆಕ್ಕಪತ್ರ ಸೂಗಪ್ಪನದು, ಸಾಮಾನು ಸರಂಜಾಮು, ಬೀಗದ ಕೈ ಅಬ್ದುಲ್ ಕರೀಮನದು. ಕರೀಮ ಎತ್ತರದ ಆಳು, ಮಾತು ಕಡಿಮೆ. ಸಂಜೆ ಬೀಗ ಹಾಕಿದ ಮೇಲೆ ಹಿಂದಕ್ಕೆ ಹೆಜ್ಜೆಯಿಟ್ಟು ಬಂದು ಮತ್ತೊಮ್ಮೆ ಬೀಗ ಜಗ್ಗಿ ನೋಡುವ ಮನುಷ್ಯ. ಇಬ್ಬರೂ ಅದೇ ಅಂಗಳದಲ್ಲಿ ಯೌವನ ಕಳೆದರು. ಮಧ್ಯಾಹ್ನ ಬೇವಿನ ಗಿಡದ ನೆರಳಿಗೆ ಇಬ್ಬರೂ ತಮ್ಮ ತಮ್ಮ ಬುತ್ತಿ ಬಿಚ್ಚುತ್ತಿದ್ದರು. ಒಬ್ಬರ ಬುತ್ತಿಗೆ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ. ಆದರೆ ಒಬ್ಬ ಬಾರದ ದಿನ ಇನ್ನೊಬ್ಬನಿಗೆ ಊಟ ಸೇರುತ್ತಿರಲಿಲ್ಲ.

ಪೊಲೀಸ್ ಆಕ್ಷನ್ ಆಯಿತು. ನಿಜಾಮರ ರಾಜ್ಯ ಹಿಂದುಸ್ತಾನದಲ್ಲಿ ಸೇರಿತು. ಅದರ ಹಿಂದೆಯೇ ಜಾಗೀರುಗಳು ಹೋದವು. ಹೈದರಾಬಾದಿನಿಂದ ಬರುತ್ತಿದ್ದ ಹುಕುಂಗಳು ನಿಂತವು. ಜಾಗೀರುಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳಲು ಮದ್ರಾಸು ಕಡೆಯ ಅಧಿಕಾರಿಯೊಬ್ಬರು ಬಂದು ಬಾಡಿಗೆ ಮನೆಯೊಂದರಲ್ಲಿ ಕಚೇರಿ ತೆರೆದರು. ಅವರಿಗೆ ಉರ್ದು ಬಾರದು, ಕನ್ನಡವೂ ಬಾರದು. ಅವರ ಕಚೇರಿ ನಡೆಯುವುದು ಇಂಗ್ಲಿಷಿನಲ್ಲಿ. ಜಾಗೀರಿನ ಹಳೆಯ ನೌಕರರಲ್ಲಿ ಕೆಲಸಕ್ಕೆ ಬರುವವರನ್ನು ಸರ್ಕಾರ ಇಟ್ಟುಕೊಳ್ಳುತ್ತದೆ, ಉಳಿದವರು ಮನೆಗೆ ಎಂಬ ಸುದ್ದಿ ಹಬ್ಬಿತು. ಕೆಲಸಕ್ಕೆ ಬರುವವರು ಎಂದರೆ ಇಂಗ್ಲಿಷ್ ಬರುವವರು ಎಂದು ಎಲ್ಲರೂ ಅರ್ಥ ಮಾಡಿಕೊಂಡರು.

ಇಷ್ಟು ದಿನ ಊರಿಗೆ ಅಕ್ಷರ ಬರೆದುಕೊಟ್ಟವನು ಒಂದು ಬೆಳಗ್ಗೆ ಎದ್ದು ನೋಡಿದರೆ ಅನಕ್ಷರಸ್ಥನ ಸಾಲಿಗೆ ಬಂದಿದ್ದ. ಶಾಲೆಯಲ್ಲಿ ಕಲಿತ ಅಷ್ಟಿಷ್ಟು ಇಂಗ್ಲಿಷ್ ತುಕ್ಕು ಹಿಡಿದಿತ್ತು. ದೇವಡಿಯ ಕಪಾಟಿನಲ್ಲಿ ಇಂಗ್ಲಿಷಿನಿಂದ ಉರ್ದುವಿಗೆ ಅರ್ಥ ಹೇಳುವ ಹಳೆಯ ನಿಘಂಟೊಂದಿತ್ತು. ಸೂಗಪ್ಪ ಅದನ್ನು ಮನೆಗೆ ತಂದ. ಬೆಳಗ್ಗೆ ಸ್ನಾನ, ಲಿಂಗಪೂಜೆ ಮುಗಿದ ಮೇಲೆ ಬಾವಿಕಟ್ಟೆಯ ಮೇಲೆ ಕೂತು ಬಾಯಿಪಾಠ ಮಾಡುತ್ತಿದ್ದ. ಹೆಂಡತಿ ಬಸ್ಸಮ್ಮ ನೀರು ಸೇದುತ್ತ ಮುಸಿಮುಸಿ ನಗುತ್ತಿದ್ದಳು. ಬಿಡಿ ಶಬ್ದಗಳಿಗಿಂತ ಎರಡು ಮೂರು ಶಬ್ದ ಕೂಡಿ ಬೇರೆಯೇ ಅರ್ಥ ಕೊಡುವ ಕ್ರಿಯಾಪದಗಳು ಅವನ ಮನಸ್ಸನ್ನು ಹಿಡಿದವು. ಅವನ್ನು ಬಳಸುವವನೇ ನಿಜವಾಗಿ ಇಂಗ್ಲಿಷ್ ಬಲ್ಲವನು ಎಂದು ಎಲ್ಲೋ ಕೇಳಿದ್ದ. ಅವುಗಳಲ್ಲಿ ಒಂದು, ‘ಮೇಡ್ ಆಫ್ ವಿತ್’. ನಿಘಂಟು ಅದಕ್ಕೆ ‘ಲೇಕರ್ ಚಲ್ ದೇನಾ’ ಎಂದು ಅರ್ಥ ಕೊಟ್ಟಿತ್ತು. ತೆಗೆದುಕೊಂಡು ಹೊರಟುಹೋಗುವುದು. ಬರೀ ಒಯ್ದ ಎನ್ನುವುದಕ್ಕಿಂತ ಇದಕ್ಕೆ ಒಂದು ಗತ್ತು ಇದೆ ಎನ್ನಿಸಿ, ಅವನು ಅದನ್ನು ನಾಲ್ಕಾರು ಸಲ ಅಂದು ನೋಡಿ ಖುಷಿಪಟ್ಟ.

ಆ ವರ್ಷ ಮಳೆ ಜೋರು. ದೇವಡಿಯ ಮಣ್ಣಿನ ಮಾಳಿಗೆ ಸೋರತೊಡಗಿತು. ಒಳಗೆ ನೆಲಕ್ಕೆ ಹಾಸುವ ಎರಡು ದೊಡ್ಡ ಉಣ್ಣೆಯ ಗಾಲೀಚೆ, ಬೆಲೆಬಾಳುವ ಗಾಜಿನ ದೀಪಗಳು, ತಾಮ್ರದ ಹಂಡೆಗಳಿದ್ದವು. ಹಂಡೆಗೇನೂ ಆಗದು, ಗಾಲೀಚೆ ಕೊಳೆತರೆ ಹೊಸ ಸರ್ಕಾರ ಯಾರನ್ನು ಕೇಳುತ್ತದೆ ಎಂದು ಸೂಗಪ್ಪನಿಗೆ ದಿಗಿಲು. ಕರೀಮನ ಹೆಂಡತಿ ಅನ್ವರಬಿಯ ತವರು ಸುರಪುರ. ಅಲ್ಲಿ ಅವಳ ತಮ್ಮಂದಿರದು ಕಲ್ಲಿನ ಗಟ್ಟಿ ಮನೆ. ಗಾಲೀಚೆ, ದೀಪಗಳನ್ನು ಅಲ್ಲಿಗೆ ಒಯ್ದು ಇಡೋಣ ಎಂದವನು ಸೂಗಪ್ಪನೇ. ಕರೀಮನಿಗೆ ಮನಸ್ಸಿರಲಿಲ್ಲ. ಕಾಲ ಸರಿಯಿಲ್ಲ, ನನ್ನಂಥವನ ಗಾಡಿಯಲ್ಲಿ ದೇವಡಿಯ ಸಾಮಾನು ಕಂಡರೆ ಜನ ಒಂದಕ್ಕೆರಡು ಆಡುತ್ತಾರೆ ಎಂದು ಹಿಂದೆಮುಂದೆ ನೋಡಿದ. ಸೂಗಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, ಕಾಗದದಲ್ಲಿ ನಾನು ಬರೆದಿಡುತ್ತೇನೆ, ನೀನು ಹೆದರಬೇಡ ಎಂದ. ಕರೀಮ ಗಾಡಿ ಕಟ್ಟಿಸಿಕೊಂಡು ಹಗಲಲ್ಲೇ, ಎಲ್ಲರೂ ನೋಡುವಂತೆ, ಬಜಾರಿನ ನಡುವೆಯೇ ಹಾದು ಸುರಪುರಕ್ಕೆ ಹೋದ. ಮಳೆ ನಿಲ್ಲುವ ತನಕ ಸಾಮಾನಿನ ಜೊತೆಗೇ ಇರುತ್ತೇನೆಂದು ಅಲ್ಲೇ ಉಳಿದ.

ಸೂಗಪ್ಪ ಹೇಳಿದಂತೆ ಬರೆದ. ಹೊಸ ಸಾಹೇಬರು ದೇವಡಿಯ ಸಾಮಾನಿನ ವಿವರ ಕೇಳಿದ್ದರು. ಉರ್ದುವಿನಲ್ಲಿ ಬರೆದುಕೊಟ್ಟರೆ ಹೆಡ್ ಗುಮಾಸ್ತ ನಸೀರುದ್ದೀನ ಇಂಗ್ಲಿಷಿಗೆ ತಿರುಗಿಸಿಕೊಡುತ್ತಿದ್ದರು. ಬೇರೆ ದೇವಡಿಗಳ ಮುನ್ಶಿಗಳು ಹಾಗೆಯೇ ಮಾಡಿದ್ದರು. ಸೂಗಪ್ಪನಿಗೆ ಅದು ಬೇಡವಾಯಿತು. ತಾನೇ ಇಂಗ್ಲಿಷಿನಲ್ಲಿ ಬರೆದ, ಮೂರು ಸಲ ತಿದ್ದಿದ, ಒಂದೊಂದು ಅಕ್ಷರವನ್ನೂ ಮುತ್ತಿನಂತೆ ಪೋಣಿಸಿದ. ಗಾಲೀಚೆ, ದೀಪಗಳ ಮಾತು ಬಂದಾಗ ಕೈ ತಾನಾಗಿ ಆ ಮೂರು ಶಬ್ದಗಳಿಗೆ ಹೋಯಿತು. ಅಬ್ದುಲ್ ಕರೀಮ ಇವುಗಳನ್ನು ಸುರಪುರಕ್ಕೆ ‘ಮೇಡ್ ಆಫ್ ವಿತ್’ ಎಂದು ಬರೆದು, ಶಾಯಿ ಆರುವ ತನಕ ಅದನ್ನೇ ನೋಡುತ್ತ ಕೂತ.

ಸಾಹೇಬರು ವರದಿ ಓದಿ, ಕತ್ತೆತ್ತಿ, ಅವನ ಕಡೆ ನೋಡಿ ತಲೆಯಾಡಿಸಿದರು. ಏನೋ ಅಂದರು. ಇಂಥವನು ನಮಗೆ ಬೇಕು ಎಂದರು ಅಂತ ನಸೀರುದ್ದೀನರು ತಿಳಿಸಿದರು. ತಿಳಿಸುವಾಗ ಅವರ ಮುಖ ಯಾಕೋ ಬಾಡಿತ್ತು. ತಮ್ಮ ಕೈಯಿಂದ ಕೆಲಸ ಜಾರಿತೆಂದು ಮುದುಕರಿಗೆ ಹೊಟ್ಟೆಕಿಚ್ಚು ಎಂದುಕೊಂಡ ಸೂಗಪ್ಪ. ಮನೆಗೆ ಹೋಗುವಾಗ ಪೇಢೆ ಕಟ್ಟಿಸಿಕೊಂಡು ಹೋದ.

ಅದಾದ ಕೆಲ ದಿನಕ್ಕೆ, ಸಂತೆಯ ದಿನ, ಅವನು ಬಜಾರಿನಲ್ಲಿ ಬಾಳೆಹಣ್ಣು ಆರಿಸುತ್ತಿದ್ದ. ಜನ ಒಂದು ಪಕ್ಕಕ್ಕೆ ಸರಿದರು. ಸುರಪುರದ ದಾರಿಯಿಂದ ಇಬ್ಬರು ಪೊಲೀಸರು ಬರುತ್ತಿದ್ದರು, ನಡುವೆ ಕರೀಮ. ಅವನ ಎರಡೂ ಕೈಗೆ ಹಗ್ಗ ಕಟ್ಟಿತ್ತು. ಹಗ್ಗದ ಇನ್ನೊಂದು ತುದಿ ಪೊಲೀಸನ ಸೊಂಟದಲ್ಲಿ. ಕರೀಮ ತಲೆ ತಗ್ಗಿಸಿರಲಿಲ್ಲ. ಎದುರು ನೋಡುತ್ತ ನಡೆಯುತ್ತಿದ್ದ, ಆದರೆ ಯಾರನ್ನೂ ನೋಡುತ್ತಿರಲಿಲ್ಲ. ದೇವಡಿ ಕಳ್ಳ ಸಿಕ್ಕ ಎಂದು ಯಾರೋ ಅಂದರು. ಇನ್ನೊಬ್ಬರು ನಿಜಾಮರ ಪರ ಬಡಿದಾಡಿದ ರಜಾಕಾರರ ಹೆಸರು ತೆಗೆದು ಉಗುಳಿದರು. ಕರೀಮ ರಜಾಕಾರರ ಹತ್ತಿರಕ್ಕೂ ಹೋದವನಲ್ಲವೆಂಬುದು ಉಗುಳಿದವನಿಗೂ ಗೊತ್ತಿತ್ತು. ಆದರೆ ಆ ವರ್ಷಗಳಲ್ಲಿ ಅಂಥ ಹೆಸರಿನ ಮನುಷ್ಯನ ಕೈಗೆ ಹಗ್ಗ ಕಂಡರೆ, ಯಾಕೆ ಎಂದು ಕೇಳುವವರು ಕಡಿಮೆ. ಸೂಗಪ್ಪನೂ ಕೇಳಲಿಲ್ಲ. ಬಾಳೆಹಣ್ಣು ಅಲ್ಲಿಯೇ ಬಿಟ್ಟು ಕಚೇರಿಗೆ ಹೋದ.

ನಸೀರುದ್ದೀನರು ಒಬ್ಬರೇ ಕೂತಿದ್ದರು. ಕರೀಮನನ್ನು ಯಾಕೆ ಹಿಡಿದರು ಎಂದು ಸೂಗಪ್ಪ ಕೇಳಿದ. ಮುದುಕರು ಕನ್ನಡಕ ತೆಗೆದು ಒರೆಸಿದರು.

“ಕದ್ದಾನಂತ ನೀವೇ ಬರದೀರಲ್ರಿ, ಮುನ್ಶಿಜಿ.”

“ನಾನು? ನಾ ಎಲ್ಲಿ ಹಂಗ ಬರದೀನ್ರಿ?”

“‘ಮೇಡ್ ಆಫ್ ವಿತ್’ ಅಂದ್ರ ಕದ್ದು ಪರಾರಿ ಆದ ಅಂತ. ಕಳ್ಳರಿಗೆ ಆಡೂ ಮಾತದು.”

ಸೂಗಪ್ಪ ನಿಘಂಟಿನ ಮಾತು ಹೇಳಿದ. ನಸೀರುದ್ದೀನರು ಹೌದೆಂದು ತಲೆಯಾಡಿಸಿದರು. ಉರ್ದುವಿನಲ್ಲಿಯೂ ಆ ಮಾತಿಗೆ ಎರಡು ಮುಖ. ಇನ್ನೊಬ್ಬರ ಚೀಲ ಎತ್ತಿಕೊಂಡು ನಡೆದವನಿಗೂ ಹಾಗೇ ಅನ್ನುತ್ತಾರಲ್ಲ ಎಂದರು. ಒಯ್ದ ಎನ್ನಲು ‘ಟುಕ್’ ಎಂದು ಬರೆದಿದ್ದರೆ ಸಾಕಿತ್ತು. ಶಾಲೆಯ ಎರಡನೆಯ ಪುಸ್ತಕದಲ್ಲಿರುವ ಶಬ್ದ.

ಸೂಗಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಮೊದಲ ದಿನವೇ ಓದಿದಿರಿ, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಮುದುಕರ ಮೇಲೆ ಹರಿಹಾಯ್ದ.

“ನಾ ಹೇಳಿದ್ರ ಏನಾಗ್ತಿತ್ತು?” ಎಂದರು ನಸೀರುದ್ದೀನ, ದನಿ ಏರಿಸದೆ. “ನಸೀರುದ್ದೀನ ತನ್ನವನ ಪರ ಹಿಡದ ಅಂತಿದ್ರು. ಅವನ ಕೈಗೊಂದು ಹಗ್ಗ, ನನ್ನ ಕೈಗೊಂದು. ನನಗ ಅಂಜಿಕಿ ಅದ, ಮುನ್ಶಿಜಿ. ನೀವು ಹೇಳಬೋದು. ನಿಮಗ ಯಾರೂ ಏನೂ ಅನ್ನಂಗಿಲ್ಲ.”

ಸಾಹೇಬರು ಅಂದು ಪ್ರವಾಸದಲ್ಲಿದ್ದರು. ಅವರು ಬಂದ ತಕ್ಷಣ ಹೇಳುತ್ತೇನೆಂದು ಸೂಗಪ್ಪ ಹೊರಬಿದ್ದ. ಠಾಣೆಯ ಮುಂದೆ ಹಾದು ಹೋಗಬೇಕಿತ್ತು. ಅವನು ಕೆರೆಯ ದಂಡೆಯ ಮೇಲಿನ ಸುತ್ತು ದಾರಿ ಹಿಡಿದ.

ಮನೆಗೆ ಬಂದವನು ಬಸ್ಸಮ್ಮನಿಗೆ ಏನೂ ಹೇಳಲಿಲ್ಲ. ಊಟಕ್ಕೆ ಕೂತು ರೊಟ್ಟಿ ಮುರಿದ, ಬಾಯಿಗೆ ಹೋಗಲಿಲ್ಲ. ಸಾಹೇಬರು ಮರುದಿನ ಬಂದರು. ಸೂಗಪ್ಪ ಅವರ ಬಾಗಿಲ ತನಕ ಹೋದ. ಒಳಗೆ ಅವರು ಯಾರ ಹತ್ತಿರವೋ ನಗುತ್ತ ಮಾತಾಡುತ್ತಿದ್ದರು. ಅವನನ್ನು ಕಂಡದ್ದೇ ಕೈ ಸನ್ನೆ ಮಾಡಿ ಕರೆದು ಒಂದು ಕಾಗದ ತೋರಿಸಿದರು: ಅವನ ನೇಮಕದ ಬಗ್ಗೆ ಗುಲ್ಬರ್ಗದ ಮೇಲಿನ ಕಚೇರಿಗೆ ಹೋಗಬೇಕಾದ ಶಿಫಾರಸು. ಅದರಲ್ಲಿ ತನ್ನ ಹೆಸರು, ಅದರ ಕೆಳಗೆ ಇಂಗ್ಲಿಷ್ ಬಲ್ಲವನು ಎಂಬರ್ಥದ ಸಾಲು. ಸೂಗಪ್ಪ ಬಗ್ಗಿ ನಮಸ್ಕಾರ ಮಾಡಿ ಹೊರಗೆ ಬಂದ. ಬಾಗಿಲು ದಾಟಿದ ಮೇಲೆ ತಾನೇನು ಮಾಡಿದೆ ಎಂದು ಅವನಿಗೇ ಅರಿವಾಯಿತು. ಒಳಗೆ ಹೋದದ್ದು ಒಂದಕ್ಕೆ, ಮಾಡಿ ಬಂದದ್ದು ಇನ್ನೊಂದು. ನಸೀರುದ್ದೀನರು ತಲೆ ಎತ್ತಿ ನೋಡಿದರು, ತಗ್ಗಿಸಿದರು.

ನಾಳೆ ಎಂದುಕೊಂಡ. ನಾಳೆಯೂ ಬಂತು. ಕರೀಮ ಕದ್ದಿಲ್ಲ ಎಂದಮೇಲೆ ತನಿಖೆಯಲ್ಲಿ ತಾನಾಗಿ ಬಯಲಾಗುತ್ತದೆ, ಬಿಡುತ್ತಾರೆ, ನಾನು ಯಾಕೆ ನಡುವೆ ಹೋಗಿ ಬರುವ ನೌಕರಿಗೆ ಕಲ್ಲು ಹಾಕಿಕೊಳ್ಳಲಿ ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡ. ಹೇಳಿಕೊಂಡಷ್ಟೂ ಮೈ ಸಣ್ಣದಾಗುತ್ತಿತ್ತು. ಕನ್ನಡಿಯಲ್ಲಿ ನೋಡಿ ವಿಭೂತಿ ಹಚ್ಚಿಕೊಳ್ಳುವುದನ್ನು ಬಿಟ್ಟು, ಅಂದಾಜಿನ ಮೇಲೆ ಹಚ್ಚಿಕೊಳ್ಳತೊಡಗಿದ.

ಹೀಗಿರುವಾಗ ಒಂದು ಬೆಳಗ್ಗೆ ಅನ್ವರಬಿ ಮನೆಗೆ ಬಂದಳು. ಸುರಪುರದಿಂದ ತಮ್ಮನ ಜೊತೆ ಬಂದಿದ್ದಳು. ತಮ್ಮ ಹೊರಗೆ ನಿಂತ. ಅವಳು ಮೊದಲಿನಿಂದಲೂ ಸೂಗಪ್ಪನಿಗೆ ಅಣ್ಣ ಎನ್ನುತ್ತಿದ್ದವಳು; ಬಸ್ಸಮ್ಮನ ಬಾಣಂತನದಲ್ಲಿ ಕೂಸಿಗೆ ಕುಲಾವಿ ಹೊಲಿದು ತಂದವಳು. ಬಸ್ಸಮ್ಮ ಅವಳನ್ನು ಪಡಸಾಲೆಯಲ್ಲಿ ಕೂಡಿಸಿದಳು. ಅನ್ವರಬಿಯ ಕಣ್ಣು ಬಾತಿದ್ದವು, ಆದರೆ ಮಾತಿನಲ್ಲಿ ಅಳು ಇರಲಿಲ್ಲ. ಪೊಲೀಸರು ಬಂದಾಗ ಗಾಲೀಚೆಗಳು ಅಟ್ಟದ ಮೇಲೆ ಇದ್ದವು, ಹುಳ ಹತ್ತಬಾರದೆಂದು ಆತ ಸುರುಳಿಯ ಒಳಗೆಲ್ಲ ಬೇವಿನ ಎಲೆ ಹಾಕಿದ್ದ. ಅದನ್ನೇ ತೋರಿಸಿ, ಕದ್ದು ಮುಚ್ಚಿಟ್ಟಿದ್ದೀಯಾ ಎಂದು ಅವನ ಕೆನ್ನೆಗೆ ಹೊಡೆದರು ಎಂದಳು. ಯಾರೋ ಸಾಹೇಬರಿಗೆ ಚಾಡಿ ಬರೆದುಕೊಟ್ಟಿದ್ದಾರಂತೆ. ಯಾರೆಂದು ಪೊಲೀಸರು ಹೇಳುವುದಿಲ್ಲವಂತೆ.

“ಅಣ್ಣ, ನಿಮಗ ಇಂಗ್ಲಿಷ್ ಬರ್ತದಂತ ಇವ್ರು ಹೇಳತಿದ್ರು. ಸಾಹೇಬರಿಗೆ ಒಂದು ಅರ್ಜಿ ಬರದು ಕೊಡ್ರಿ. ನಿಮ್ಮ ಮಾತು ಅವ್ರು ಕೇಳ್ತಾರ.”

ಸೂಗಪ್ಪ ಗೋಡೆ ನೋಡಿದ. ಬಸ್ಸಮ್ಮ ಗಂಡನ ಮುಖ ನೋಡಿದಳು. ಬರೆಯುತ್ತೇನೆ, ಬರೆಯುತ್ತೇನೆ ಎಂದ ಅವನು. ಅನ್ವರಬಿ ಎದ್ದು ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡು, ಠಾಣೆಯಲ್ಲಿ ಇವರು ಒಂದೇ ಮಾತು ಹೇಳಿದರು ಎಂದಳು: ಮುನ್ಶಿಜಿ ಕಾಗದದಲ್ಲಿ ಬರೆದಿಟ್ಟಿದ್ದಾರೆ, ಆ ಕಾಗದ ಹುಡುಕಿಸು, ಅದು ಸಿಕ್ಕರೆ ನಾನು ಹೊರಗೆ ಬರುತ್ತೇನೆ.

ಅವಳು ಹೋದ ಮೇಲೆ ಸೂಗಪ್ಪ ಅಲ್ಲೇ ಕುಸಿದು ಕೂತ. ಬಸ್ಸಮ್ಮ ಏನಾಯಿತೆಂದು ಕೇಳಿದಳು. ಅವನು ಎಲ್ಲ ಹೇಳಿದ. ಶಿಫಾರಸಿನ ಕಾಗದವನ್ನೂ ಬಿಡಲಿಲ್ಲ. ಕೇಳುತ್ತ ಕೇಳುತ್ತ ಅವಳ ಮುಖ ಕಲ್ಲಾಯಿತು. ಓದು ಬರಹ ಇಲ್ಲದ ಹೆಂಗಸು ಅವಳು. ಗಂಡನ ಅಕ್ಷರವೆಂದರೆ ದೇವರ ಮುಂದಿನ ದೀಪ ಎಂದು ತಿಳಿದವಳು.

“ತಿಳೀಲಾರದೆ ಬರದ್ರಿ, ಅದು ಹೋಗಲಿ. ತಿಳದ ಮ್ಯಾಲೂ ಸಾಹೇಬ್ರಿಗೆ ಕೈ ಮುಗದು ಸುಮ್ನ ಬಂದ್ರಲ್ಲ, ಅದೇನದು?” ಎಂದಳು. ಅಷ್ಟೇ. ಒಳಗೆ ಹೋಗಿ ಒಲೆ ಊದತೊಡಗಿದಳು.

ಸೂಗಪ್ಪ ರುಮಾಲು ಸುತ್ತಿಕೊಂಡು ಕಚೇರಿಗೆ ಹೋದ. ದಾರಿಯಲ್ಲಿ ಅರ್ಜಿ ಬರೆದುಬಿಟ್ಟರೆ ಸಾಕಲ್ಲವೇ, ಬಾಯಿಬಿಟ್ಟು ಹೇಳುವುದು ತಪ್ಪುತ್ತದಲ್ಲ ಎಂಬ ಆಸೆ ಒಮ್ಮೆ ಹುಟ್ಟಿತು. ಆದರೆ ಇನ್ನೊಮ್ಮೆ ಇಂಗ್ಲಿಷಿನಲ್ಲಿ ಬರೆಯುವ ಧೈರ್ಯ ಕೈಗೇ ಉಳಿದಿರಲಿಲ್ಲ. ಯಾವ ಶಬ್ದದೊಳಗೆ ಯಾರಿಗೆ ಹಗ್ಗ ಇದೆಯೋ ಯಾರಿಗೆ ಗೊತ್ತು.

ಕಚೇರಿಯಲ್ಲಿ ಆ ಹೊತ್ತು ಬೇರೆ ದೇವಡಿಗಳ ಮುನ್ಶಿಗಳೂ ಬಂದು ಬೆಂಚಿನ ಮೇಲೆ ಕೂತಿದ್ದರು. ಇಂಗ್ಲಿಷ್ ಬರೆದವನೆಂದು ಅವರಲ್ಲಿ ಇಬ್ಬರು ಎದ್ದು ಅವನಿಗೆ ಜಾಗ ಕೊಟ್ಟರು. ಅವನು ಕೂಡಲಿಲ್ಲ. ನಸೀರುದ್ದೀನರ ಮೇಜಿನ ಮುಂದೆ ನಿಂತು, ಸಾಹೇಬರ ಹತ್ತಿರ ನನ್ನ ಮಾತು ತಿರುಗಿಸಿ ಹೇಳಿ, ಒಂದು ಅಕ್ಷರ ಬಿಡಬೇಡಿ ಎಂದ. ಮುದುಕರು ಎದ್ದರು. ಸಾಹೇಬರ ಕೋಣೆಯ ಬಾಗಿಲಿಗೆ ಕದವಿರಲಿಲ್ಲ, ಪರದೆ ಮಾತ್ರ. ಒಳಗಿನ ಮಾತೆಲ್ಲ ಬೆಂಚಿಗೆ ಕೇಳುತ್ತಿತ್ತು.

“ಸಾಹೇಬ್ರ, ನನಗ ಇಂಗ್ಲಿಷ್ ಬರೂದಿಲ್ಲ” ಎಂದು ಶುರು ಮಾಡಿದ ಸೂಗಪ್ಪ. “ಅರ್ಥ ಗೊತ್ತಿಲ್ಲದ ಮಾತು ಚೆಂದ ಕಾಣ್ತದಂತ ಬರದೀನಿ. ಕರೀಮಭಾಯಿ ಕದ್ದಿಲ್ಲ. ಒಯ್ಯಿ ಅಂದಾವ ನಾನೇ. ಅವ ಒಲ್ಲೆ ಅಂದಿದ್ದ.”

ನಸೀರುದ್ದೀನರು ಸಾಲಿಗೆ ಸಾಲು ಇಂಗ್ಲಿಷಿಗೆ ತಿರುಗಿಸಿದರು. ತನ್ನ ತಪ್ಪು ತನ್ನ ಕಣ್ಣೆದುರೇ ಆ ಭಾಷೆಯಲ್ಲಿ ಇಳಿಯುತ್ತಿತ್ತು. ಅದು ಸರಿಯಾಗಿ ಇಳಿಯಿತೋ ಇಲ್ಲವೋ ಎಂದು ತಿಳಿಯುವಷ್ಟೂ ತನಗೆ ಬಾರದು ಎಂಬುದು ಸೂಗಪ್ಪನಿಗೆ ಆಗ ಪೂರಾ ತಿಳಿಯಿತು. ಸಾಹೇಬರು ವರದಿ ತರಿಸಿ ಆ ಸಾಲಿನ ಮೇಲೆ ಬೆರಳಿಟ್ಟರು. ಅದನ್ನು ಇನ್ನೊಮ್ಮೆ ಓದಿದರು. ಕೊನೆಗೆ ಒಂದೇ ಪ್ರಶ್ನೆ ಕೇಳಿದರು. ಅದನ್ನು ಕನ್ನಡಕ್ಕೆ ತಿರುಗಿಸುವಾಗ ನಸೀರುದ್ದೀನರು ಅವನ ಮುಖ ನೋಡಲಿಲ್ಲ.

“ನಿಮಗ ಇದು ಯಾವಾಗ ತಿಳೀತು ಅಂತ ಕೇಳತಾರ.”

“ಅವನ್ನ ಹಿಡಕೊಂಡು ಬಂದ ದಿನಾನೇ ತಿಳೀತು” ಎಂದ ಸೂಗಪ್ಪ. “ನೌಕರಿ ಹೋಗ್ತದಂತ ಬಾಯಿ ಬಿಡಲಿಲ್ಲ.”

ಪರದೆಯಾಚೆ ಯಾರೋ ಕೆಮ್ಮಿದರು. ಸಾಹೇಬರು ಕೂಗಾಡಲಿಲ್ಲ. ಕೂಗಾಡಿದ್ದರೆ ಸೂಗಪ್ಪನಿಗೆ ಹಗುರವಾಗುತ್ತಿತ್ತೇನೋ. ಒಂದು ಬಿಳಿ ಕಾಗದ ಅವನ ಮುಂದೆ ಸರಿಸಿ, ಆ ಸಾಲನ್ನು ಸರಿಯಾಗಿ ಬರೆ ಎಂದು ಸನ್ನೆ ಮಾಡಿದರು. ಅವನು, ನನ್ನ ಮಾತಿನ ಮೇಲೆ ಅಬ್ದುಲ್ ಕರೀಮ ಸಾಮಾನನ್ನು ಜೋಪಾನಕ್ಕಾಗಿ ಸುರಪುರಕ್ಕೆ ‘ಟುಕ್’ ಎಂದು ಬರೆದ. ಜೀವಮಾನದಲ್ಲಿ ಅವನ ಅಕ್ಷರ ಅಷ್ಟು ಕೆಟ್ಟದಾಗಿ ಬಂದದ್ದು ಅದೇ ಮೊದಲು. ಸಾಹೇಬರು ಠಾಣೆಗೆ ಚೀಟಿ ಕಳಿಸಿದರು. ಪೊಲೀಸರನ್ನು ಕಳಿಸುವ ಮೊದಲು ಮುನ್ಶಿಯನ್ನು ಕರೆದು ಒಂದು ಮಾತು ಕೇಳಬಹುದಿತ್ತೆಂದು ಅವರಿಗೂ ಅನ್ನಿಸಿರಬೇಕು. ಆ ಹೊತ್ತಿನ ಮೇಲೆ ಅವರು ಯಾರ ಜೊತೆಯೂ ಮಾತಾಡದೆ ಟೋಪಿ ಹಾಕಿಕೊಂಡು ಹೊರಟುಹೋದರು.

ಸಂಜೆಯ ಮುಂಚೆ ಕರೀಮನನ್ನು ಬಿಟ್ಟರು. ಸೂಗಪ್ಪ ಠಾಣೆಯ ಹೊರಗೆ ಹುಣಸೆ ಗಿಡದ ಕೆಳಗೆ ಕಾಯುತ್ತಿದ್ದ. ಕರೀಮ ಬಂದು ಎದುರು ನಿಂತ. ಗಡ್ಡ ಬೆಳೆದಿತ್ತು, ಮುಂಗೈ ಮೇಲೆ ಹಗ್ಗದ ಗುರುತು ಕಪ್ಪಗೆ ಕೂತಿತ್ತು. ಒಳಗೆ ಪೊಲೀಸರು ಎಲ್ಲ ಹೇಳಿದ್ದರು, ನಗುತ್ತ ಹೇಳಿದ್ದರು.

ಸೂಗಪ್ಪ ಅವನ ಕಾಲಿಗೆ ಬಗ್ಗಿದ. ಕರೀಮ ಎರಡು ಹೆಜ್ಜೆ ಹಿಂದೆ ಸರಿದು ನಿಂತ.

“ಅದು ಬ್ಯಾಡ” ಎಂದ. “ನಾ ಕದ್ದಿಲ್ಲಂತ ಸಾಹೇಬರ ಕಾಗದದಾಗ ಬರದೈತಿ. ಬಜಾರ ಕಾಗದ ಓದಂಗಿಲ್ಲ, ಮುನ್ಶಿಜಿ. ನನ್ನ ಯಾವ ದಾರೀಲೆ ತಂದ್ರೋ ಆ ದಾರೀಲೆ ನನ್ನ ಸಂಗಾಟ ನಡೀರಿ. ಒಂದೊಂದು ಅಂಗಡಿ ಮುಂದ ನಿಂತು ನೀವೇ ಹೇಳ್ರಿ.”

ಸೂಗಪ್ಪ ಇಂಥದ್ದನ್ನು ಎಣಿಸಿರಲಿಲ್ಲ. ಕಚೇರಿಯಲ್ಲಿ ಹೇಳಿದ್ದೇ ದೊಡ್ಡದು, ಇನ್ನು ಮುಗಿಯಿತು ಎಂದುಕೊಂಡಿದ್ದ. ಬಜಾರೆಂದರೆ ಅವನು ಹುಟ್ಟಿ ಬೆಳೆದ ಬಜಾರು; ಅಪ್ಪನ ಗೆಳೆಯರು, ಒಕ್ಕಲಿನವರು, ಬೀಗರು. ನಾಳೆ ಬೆಳಗ್ಗೆ ಹೋಗೋಣ ಎನ್ನುವ ಮಾತು ತುಟಿಯ ತನಕ ಬಂತು. ಕರೀಮ ಆಗಲೇ ನಡೆಯತೊಡಗಿದ್ದ.

ಮೊದಲನೆಯದು ಬಳೆಗಾರ್ತಿ ದೇವಕಮ್ಮನ ಅಂಗಡಿ. ಸೂಗಪ್ಪ ಬಳೆಯ ಗೊಂಚಲು ನೋಡುತ್ತ ಬಾಯಿ ತೆಗೆದ. ಕರೀಮಭಾಯಿ ಕಳ್ಳನಲ್ಲ, ನಾನೇ ತಪ್ಪು ಬರೆದೆ, ನನಗೆ ಇಂಗ್ಲಿಷ್ ಬರುವುದಿಲ್ಲ ಎಂದ. ದೇವಕಮ್ಮ ಗಟ್ಟಿಯಾಗಿ ಮಾತಾಡು, ನನಗೆ ಕಿವಿ ಮಂದ ಎಂದಳು. ಎರಡನೆಯ ಸಲ ಅವನು ಕೂಗಿ ಹೇಳಬೇಕಾಯಿತು. ಪಕ್ಕದ ಅಂಗಡಿಯವರೂ ಹೊರಗೆ ಇಣುಕಿದರು. ಚಹಾದ ಅಂಗಡಿಯಲ್ಲಿ ಕೂತಿದ್ದವರು ಮೂರು ಶಬ್ದಗಳ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕರು. ಒಬ್ಬ ಆ ಶಬ್ದಗಳನ್ನು ಇನ್ನೊಮ್ಮೆ ಹೇಳಿಸಿಕೊಂಡ. ಕರೀಮ ನಗಲಿಲ್ಲ. ಕಿರಾಣಿ ಅಂಗಡಿಯವನು ಎಲ್ಲ ಕೇಳಿ, ಹಾಗಾದರೆ ಕದ್ದವರು ಯಾರು ಎಂದು ಕೇಳಿದ. ಯಾರೂ ಕದ್ದಿಲ್ಲ ಎಂದರೆ ಅವನಿಗೆ ನಂಬಿಕೆ ಬರಲಿಲ್ಲ. ಪೊಲೀಸರು ಸುಮ್ಮನೆ ಯಾಕೆ ಹಿಡಿಯುತ್ತಾರೆ, ಈಗ ಮುನ್ಶಿ ಪಾಪ ಎಂದು ಗೆಳೆಯನ ಮೇಲೆ ಬಟ್ಟೆ ಮುಚ್ಚುತ್ತಿದ್ದಾನೆ ಎಂಬಂತೆ ನೋಡಿದ. ಸೂಗಪ್ಪ ಮತ್ತೆ ಮೊದಲಿನಿಂದ ಹೇಳಿದ.

ನಡುವೆ ಅವನ ಭಾವಮೈದುನ ಲಿಂಗಣ್ಣನ ಅರಿವೆಯ ಅಂಗಡಿ. ಬಸ್ಸಮ್ಮನ ತಮ್ಮ ಅವನು. ನಮ್ಮ ಮಾವ ಇಂಗ್ಲಿಷ್ ಬರೆಯುತ್ತಾರೆಂದು ಗಿರಾಕಿಗಳಿಗೆಲ್ಲ ಹೇಳಿಕೊಂಡವನು. ಸೂಗಪ್ಪ ಮುಖ ತಿರುಗಿಸಿ ಆ ಅಂಗಡಿ ದಾಟಿ ನಡೆದ. ಸ್ವಲ್ಪ ದೂರ ಹೋದ ಮೇಲೆ ಪಕ್ಕದಲ್ಲಿ ಹೆಜ್ಜೆಯ ಸಪ್ಪಳ ಇಲ್ಲವೆನ್ನಿಸಿತು. ತಿರುಗಿ ನೋಡಿದರೆ ಕರೀಮ ಲಿಂಗಣ್ಣನ ಅಂಗಡಿಯ ಮುಂದೆ ಕೈ ಕಟ್ಟಿ ನಿಂತಿದ್ದ. ಕರೆಯಲಿಲ್ಲ, ಕೈ ಬೀಸಲಿಲ್ಲ. ನಿಂತಿದ್ದ ಅಷ್ಟೇ. ಸೂಗಪ್ಪ ಹಿಂದಕ್ಕೆ ಬಂದ. ಗಾದಿಯ ಮೇಲೆ ನಾಲ್ಕು ಮಂದಿ ಗಿರಾಕಿಗಳಿದ್ದರು. ಅವರ ಮುಂದೆ ಹೇಳಿದ. ಲಿಂಗಣ್ಣ ಗಜಕೋಲು ಕೈಯಲ್ಲಿ ಹಿಡಿದೇ ಕೇಳಿದ. ಕೇಳಿ ಮುಗಿದ ಮೇಲೆ, ಇದನ್ನು ಮನೆಯಲ್ಲಿ ಹೇಳಬಹುದಿತ್ತಲ್ಲ ಮಾವ ಎಂದು ಸಣ್ಣ ದನಿಯಲ್ಲಿ ಅಂದ. ಅವನ ಕಿವಿ ಕೆಂಪಾಗಿದ್ದವು.

ಎಣ್ಣೆ ವ್ಯಾಪಾರಿಯ ಅಂಗಡಿ ಅಂದು ಮುಚ್ಚಿತ್ತು. ಒಂದು ಕಡಿಮೆಯಾಯಿತೆಂದು ಸೂಗಪ್ಪನ ಮನಸ್ಸು ಒಳಗೇ ಹಿಗ್ಗಿತು. ಹಿಗ್ಗಿದ್ದಕ್ಕೆ ಮತ್ತೆ ನಾಚಿಕೆಯಾಯಿತು. ಬಜಾರು ಮುಗಿದು ಸುರಪುರದ ದಾರಿ ಹತ್ತುವಲ್ಲಿ ಅನ್ವರಬಿಯ ತಮ್ಮ ಗಾಡಿ ಕಟ್ಟಿಕೊಂಡು ನಿಂತಿದ್ದ. ಅನ್ವರಬಿ ಗಾಡಿಯಲ್ಲಿ ಕೂತಿದ್ದಳು. ಕರೀಮ ಹತ್ತಿದ. ಬರುತ್ತೇನೆ ಎಂದು ಹೇಳಲಿಲ್ಲ, ಆದರೆ ಹೊರಡುವ ಮುಂಚೆ ಸೂಗಪ್ಪನ ಕಡೆ ನೋಡಿ ಒಮ್ಮೆ ತಲೆಯಾಡಿಸಿದ. ಅನ್ವರಬಿ ಎತ್ತಿನ ಕೊಂಬು ನೋಡುತ್ತಿದ್ದಳು.

ದೇವಡಿಗೆ ಕರೀಮ ಮತ್ತೆ ಬರಲಿಲ್ಲ. ಗಾಲೀಚೆ, ದೀಪಗಳನ್ನು ಸರ್ಕಾರದ ಗಾಡಿ ಬಂದು ಸುರಪುರದಿಂದ ಒಯ್ದಿತು. ಒಂದು ಗಾಜೂ ಸೀಳಿರಲಿಲ್ಲ. ಸೂಗಪ್ಪನ ಶಿಫಾರಸು ಗುಲ್ಬರ್ಗಕ್ಕೆ ಹೋಗಲಿಲ್ಲ. ಆದರೂ ಸಾಹೇಬರು ಅವನನ್ನು ಪೂರ್ತಿ ಬಿಡಲಿಲ್ಲ. ಹಳೆಯ ಉರ್ದು ಕಾಗದಪತ್ರಗಳ ಮಿಸಲುಗಳನ್ನು ಜೋಡಿಸಿಡುವ ಕೋಣೆಯಲ್ಲಿ, ಕಡಿಮೆ ಪಗಾರದ ಜಾಗ ಕೊಟ್ಟರು. ಧೂಳು, ಕತ್ತಲೆ, ಗೆದ್ದಲು. ಅವನಿಗೆ ಅದೇ ಹಿತವಾಯಿತು. ಅಲ್ಲಿ ಯಾರೂ ಬರುತ್ತಿರಲಿಲ್ಲ.

ಸುಮಾರು ತಿಂಗಳು ಕಳೆದಿರಬೇಕು. ಎಣ್ಣೆಯ ಅಂಗಡಿಯ ಮುಂದೆ ಹಾದು ಹೋಗುವಾಗ, ಆ ವ್ಯಾಪಾರಿ ಪರವೂರಿನವನೊಬ್ಬನಿಗೆ ದೇವಡಿಯ ಕಳವಿನ ಸುದ್ದಿ ಹೇಳುತ್ತಿದ್ದುದು ಸೂಗಪ್ಪನ ಕಿವಿಗೆ ಬಿತ್ತು. ಕರೀಮನ ಹೆಸರು, ಹಗ್ಗ, ಬೇವಿನ ಎಲೆ ಎಲ್ಲ ಇದ್ದವು. ಹಿಂದಿರುಗಿ ಹೋಗಿಬಿಡಬಹುದಿತ್ತು, ಕರೀಮನೂ ಅಲ್ಲಿರಲಿಲ್ಲ, ನೋಡುವವರೂ ಯಾರೂ ಇರಲಿಲ್ಲ. ಸೂಗಪ್ಪ ಮೆಟ್ಟಿಲು ಹತ್ತಿ, ಆ ಕಥೆಯಲ್ಲಿ ತಪ್ಪಿದೆ, ಅದನ್ನು ಬರೆದವನು ನಾನು ಎಂದು ಶುರು ಮಾಡಿದ. ವ್ಯಾಪಾರಿ ಕೇಳುತ್ತ ಕೇಳುತ್ತಲೇ ಪರವೂರಿನವನಿಗೆ ಎಣ್ಣೆ ಅಳೆದುಕೊಟ್ಟ. ಕೊನೆಗೆ, ಹೌದೇನ್ರಿ, ನಮಗೇನು ಗೊತ್ತು, ಮಂದಿ ಅಂದದ್ದು ನಾವು ಅಂದೆವು ಎಂದು ಕೈ ಒರೆಸಿಕೊಂಡ.

ಆಮೇಲೆ ಸೂಗಪ್ಪ ಇಂಗ್ಲಿಷಿನಲ್ಲಿ ಒಂದು ಸಾಲೂ ಬರೆಯಲಿಲ್ಲ. ಉರ್ದುವಿನಲ್ಲಿ, ಕನ್ನಡದಲ್ಲಿ ಅರ್ಜಿ ಬರೆಸಿಕೊಳ್ಳಲು ಬಂದವರಿಗೆ ಬರೆದುಕೊಡುತ್ತಿದ್ದ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಇದರಲ್ಲಿ ಬೇರೆ ಯಾರದಾದರೂ ಹೆಸರಿದ್ದರೆ ಅವರನ್ನೂ ಕರೆಸಿ ಓದಿ ಹೇಳುತ್ತಿದ್ದ. ಒಂದು ಅರ್ಜಿಗೆ ಇಷ್ಟು ರಗಳೆಯೇ ಎಂದು ಜನ ಬೇರೆಯವರ ಹತ್ತಿರ ಹೋಗತೊಡಗಿದರು.

ಕರೀಮನಿಗೆ ಯಾದಗಿರಿಯಲ್ಲಿ ಹತ್ತಿಯ ಗಿರಣಿಯೊಂದರ ಗೇಟಿನ ಮೇಲೆ ಕೆಲಸ ಸಿಕ್ಕಿತು. ಸ್ಟೇಶನ್ ಹತ್ತಿರದ ಓಣಿಯಲ್ಲಿ ಮನೆ ಮಾಡಿದ್ದ. ಯಾದಗಿರಿಗೆ ಹೋದಾಗೆಲ್ಲ ಸೂಗಪ್ಪ ಆ ಮನೆಗೆ ಹೋಗುತ್ತಿದ್ದ. ಹೋಗುವ ತನಕ ಹೋಗಬಾರದು ಎನ್ನಿಸುತ್ತಿತ್ತು, ಹೋಗದೆ ಬಂದರೆ ಬಸ್ಸಮ್ಮನಿಗೆ ಮುಖ ತೋರಿಸಲಾಗುತ್ತಿರಲಿಲ್ಲ. ಕರೀಮ ಚಾಪೆ ಹಾಸುತ್ತಿದ್ದ. ಗಿರಣಿಯ ಮಾತು, ಮಳೆಯ ಮಾತು, ನಸೀರುದ್ದೀನರಿಗೆ ಕಣ್ಣು ಹೋದ ಮಾತು ಆಡುತ್ತಿದ್ದರು. ಆ ದಿನದ ಮಾತು ಕರೀಮ ಒಮ್ಮೆಯೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಎಂದು ಸೂಗಪ್ಪ ಎಷ್ಟೋ ಸಲ ಬಯಸಿದ. ಒಳಗಿನಿಂದ ಪರದೆಯ ಅಡಿಯಲ್ಲಿ ಚಹಾದ ಬಸಿ ಸರಿದು ಬರುತ್ತಿತ್ತು. ಬಳೆಗಳ ಸಪ್ಪಳ ಕೇಳುತ್ತಿತ್ತು. ಮೊದಲು ಅಣ್ಣ ಎಂದು ಎದುರಿಗೇ ಬಂದು ಕೂಡುತ್ತಿದ್ದ ಅನ್ವರಬಿ ಮಾತ್ರ, ಅವನು ಬದುಕಿರುವ ತನಕ, ಆ ಪರದೆಯ ಹೊರಗೆ ಬರಲಿಲ್ಲ.